ಹತ್ತಿಯೊಡನೆ ಬಾರದ ಹತ್ತಿಕಾಳು

ರಾಷ್ಟ್ರರಾಷ್ಟ್ರಗಳ ನಡುವಣ ಮುಕ್ತವ್ಯಾಪಾರದ ಒಡಂಬಡಿಕೆಗಳು ಮಂತ್ರಿಗಳಿಗೂ ಗಿರಣಿಯ ಮಾಲಕರಿಗೂ ಸಂಬಂಧಿಸಿದವೆಂದು ಗೃಹಸ್ಥರು ಸಾಮಾನ್ಯವಾಗಿ ಭಾವಿಸುವರು. ಅವುಗಳ ಪರಿಣಾಮವು ಮನೆಯ ಹೈನದವರೆಗೂ ಹೇಗೆ ಬಂದು ಮುಟ್ಟುವುದೆಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಿಸಬೇಕೆಂದಿದ್ದೇವೆ.

ನಮ್ಮ ರಾಯಾಪುರವು ಹುಬ್ಬಳ್ಳಿ-ಧಾರವಾಡಗಳ ನಡುವಣ ಹಾದಿಯಲ್ಲಿರುವುದು. ಈ ಸೀಮೆಯ ಎರೆಭೂಮಿಯು ಹತ್ತಿಗೆ ಹೆಸರಾದುದು. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯು ಬಾರದಾದಾಗ, ಇಂಗ್ಲಂಡದ ಗಿರಣಿಗಳ ದೃಷ್ಟಿಯು ಇತ್ತ ಹೊರಳಿತು. ಅಂಡಿಗೆಗಳು ಘಟ್ಟವಿಳಿದು ಕುಮಟೆಯ ಬಂದರವನ್ನು ಸೇರಿದವು, ಬೆಲೆಯು ಗಗನಕ್ಕೇರಿತು. ಯುದ್ಧವು ಮುಗಿಯಲು ಬೆಲೆಯೂ ಇಳಿಯಿತು. ದೂರದೇಶದ ಸಂಗತಿಯು ನಮ್ಮ ರೈತನ ಅಂಗಳವನ್ನು ಮುಟ್ಟುವುದು ಹೊಸತಲ್ಲ.

ಭಾರತ-ಆಸ್ಟ್ರೇಲಿಯಗಳ ಒಡಂಬಡಿಕೆಯು ೨೦೨೨ನೆಯ ಡಿಸೆಂಬರ ೨೯ರಂದು ಜಾರಿಗೆ ಬಂದಿತು. ಅದರಂತೆ ವರ್ಷಕ್ಕೆ ೫೧,೦೦೦ ಟನ್ನು ಹತ್ತಿಯು ಜಕಾತಿಯಿಲ್ಲದೆ ನಮ್ಮಲ್ಲಿಗೆ ಬರಬಹುದು. ನಮ್ಮ ಬಟ್ಟೆಗಳಿಗೂ ಅಲ್ಲಿ ಜಕಾತಿಯಿಲ್ಲ. ಇದಲ್ಲದೆ ೨೦೨೫ನೆಯ ಆಗಸ್ಟ ೧೯ರಿಂದ ಡಿಸೆಂಬರ ೩೧ರ ವರೆಗೆ, ಯಾವ ದೇಶದಿಂದ ಬಂದ ಹತ್ತಿಗೂ ಶೇಕಡಾ ೧೧ರ ಜಕಾತಿಯನ್ನು ಸರಕಾರವು ಬಿಟ್ಟುಕೊಟ್ಟಿತ್ತು. ಅಗ್ಗದ ಹತ್ತಿಯಿಂದ ನೂಲಿನ ಗಿರಣಿಗಳು ನಡೆಯುವುವು, ಅಂಗಿ ಹೊಲಿಯುವ ಹೆಣ್ಣುಮಕ್ಕಳಿಗೆ ಕೆಲಸವುಳಿಯುವುದು. ಈ ಲಾಭವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಹೊಲದಲ್ಲಿ ಬಿಡಿಸಿದ ಅರಳೆಯಲ್ಲಿ ನೂಲಿಗೆ ಒದಗುವುದು ಸುಮಾರು ಮೂರರಲ್ಲೊಂದು ಪಾಲು ಮಾತ್ರ, ಉಳಿದುದು ಹತ್ತಿಕಾಳು. ಜಿನ್ನಿನಲ್ಲಿ ಇವೆರಡೂ ಬೇರ್ಪಟ್ಟು, ಹತ್ತಿಯು ಗಿರಣಿಗೂ, ಕಾಳು ಎಣ್ಣೆಯ ಕಾರಖಾನೆಗೂ ಎಮ್ಮೆಯ ಗೋದಲಿಗೂ ಹೋಗುವುವು. ದೇಹಲೀದೀಪನ್ಯಾಯವೆಂದು ಶಾಸ್ತ್ರಕಾರರು ಹೇಳುವರಷ್ಟೆ: ಹೊಸ್ತಿಲ ಮೇಲಣ ದೀಪವು ಒಳಗನ್ನೂ ಹೊರಗನ್ನೂ ಬೆಳಗುವಂತೆ, ಈ ಒಂದು ಬೆಳೆಯು ಉಡಿಗೆಯನ್ನೂ ಹೈನವನ್ನೂ ನಡೆಸುವುದು. ಹಡಗಿನಲ್ಲಿ ಬರುವ ಅಂಡಿಗೆಯಾದರೋ ಬರಿಯ ಹತ್ತಿ; ಅದರ ಕಾಳು ಬೆಳೆದ ನಾಡಿನಲ್ಲಿಯೇ ಉಳಿಯಿತು. ೫೧,೦೦೦ ಟನ್ನು ಹತ್ತಿಗೆ ಸುಮಾರು ಒಂದು ಲಕ್ಷ ಟನ್ನು ಕಾಳೆಂಬುದನ್ನು ವಾಚಕರೇ ಗುಣಿಸಿ ನೋಡಬಹುದು.

ಹೊರಗಿನ ಹತ್ತಿಯಿಂದ ಊರ ಧಾರಣೆಯು ಕುಸಿದು ರೈತನು ಬೆಳೆಯನ್ನು ಬದಲಿಸಿದರೆ, ಜಿನ್ನಿಗೆ ಅರಳೆಯಿಲ್ಲ. ಜಿನ್ನು ಮುಚ್ಚಿದರೆ ಅಲ್ಲಿಯ ಕೂಲಿಯವರೂ ಹಮಾಲರೂ ಚದರಿಹೋಗುವರು. ಮುಂದೆ ಬೆಲೆಯೇರಿದಾಗ ಅವರನ್ನು ಮರಳಿ ಕೂಡಿಸುವುದು ಸುಲಭವಲ್ಲ.

ಬಾಗಿಲನ್ನು ಮುಚ್ಚಬೇಕೆಂಬುದು ನಮ್ಮ ಮತವಲ್ಲ. ತಕ್ಕಡಿಯ ಒಂದು ಪರಡಿಯಲ್ಲಿ ಬಟ್ಟೆಯನ್ನಿಟ್ಟವರು ಇನ್ನೊಂದರಲ್ಲಿ ಹತ್ತಿಕಾಳನ್ನೂ ಇಟ್ಟು ತೂಗಲಿ. ನಮ್ಮ ಹೊಸ ಹತ್ತಿಯು ಪೇಟೆಗೆ ಬರುವ ತಿಂಗಳುಗಳಲ್ಲಾದರೂ ಜಕಾತಿಯನ್ನು ಬಿಡದಿರಲಿ. ಹೈನವುಳ್ಳ ಗೃಹಿಣಿಯರು ಹಿಂಡಿಯ ಬೆಲೆಯನ್ನು ಕೇಳುವಾಗ ಹತ್ತಿಯ ಧಾರಣೆಯನ್ನೂ ಕೇಳಿಕೊಳ್ಳುವುದು ಒಳಿತು.