ಪಂಪಿನ ಮೇಲೇಕೆ ಗೂಬೆ ಕೂರಿಸ್ತೀರಿ?

ಊಟ ಮಾಡ್ತಾ ಓದುವ ಅಭ್ಯಾಸ ಇರುವವರು ಕೈ ತೊಳೆದುಕೊಂಡು ಆಮೇಲೆ ಬನ್ನಿ. ಇವತ್ತಿನ ವಿಷಯ ದೋಣಿಯ ಕಕ್ಕಸು. ಅದರ ಟ್ಯಾಂಕನ್ನು ಖಾಲಿ ಮಾಡುವ ಪಂಪು, ಮತ್ತು ಆ ಪಂಪು ಕೆಟ್ಟಿದೆ ಅಂತ ಮೂಗು ಮುಚ್ಚಿಕೊಂಡೇ ತೀರ್ಪು ಕೊಡುವ ಮಹಾನುಭಾವರು.

ನ್ಯೂಜೆರ್ಸಿಯ ಬಾರ್ನೆಗಟ್ ಕೊಲ್ಲಿಯಲ್ಲಿ ನಾವು ನಾಲ್ಕು ಜನ ಗೆಳೆಯರು ಪಾಲು ಹಾಕಿ ಒಂದು ಹಳೇ ಹಾಯಿದೋಣಿ ಇಟ್ಟುಕೊಂಡಿದ್ದೇವೆ. ಇಂಥ ದೋಣಿಯಲ್ಲಿ ಕಕ್ಕಸಿನಿಂದ ಬಂದದ್ದೆಲ್ಲ ಹೋಲ್ಡಿಂಗ್ ಟ್ಯಾಂಕಿನಲ್ಲಿ ನಿಲ್ಲುತ್ತದೆ. ದಡದಲ್ಲಿದ್ದಾಗ ಪಂಪ್‌ಔಟ್ ಕೇಂದ್ರದ ಕೊಳವೆ ಸಿಕ್ಕಿಸಿ ಹೀರಿಸಬೇಕು. ಕಡಲಿನಲ್ಲಿ 3 ನಾಟಿಕಲ್ ಮೈಲಿ ದಾಟಿದ ಮೇಲೆ ದೋಣಿಯದೇ ಮೆಸರೇಟರ್ ಪಂಪು ಅದನ್ನು ಮಿಕ್ಸಿಯ ಹಾಗೆ ಅರೆದು ಹೊರಕ್ಕೆ ದಬ್ಬುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಪಂಪಿನ ಮೋಟರು ಓಡುತ್ತಿತ್ತು, ಟ್ಯಾಂಕು ಮಾತ್ರ ಇಳಿಯುತ್ತಿರಲಿಲ್ಲ. ಕರೆಸಿದ ಮೆಕ್ಯಾನಿಕ್ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. "ಪಂಪು ಹೋಗಿದೆ, ಹೊಸದು ಹಾಕಿಸಿ" ಅಂದ. ಕೆಲವು ನೂರು ಡಾಲರಿನ ಮಾತು. ಇನ್ನೊಬ್ಬ ಹಿತೈಷಿಗಳದ್ದು ಇನ್ನೂ ಸುಲಭದ ಉಪಾಯ: "ಟ್ಯಾಂಕಿನ ಗೊಡವೆಯೇ ಬೇಡ ಮಾರಾಯ್ರೇ, ವೈ-ವಾಲ್ವ್ ತಿರುಗಿಸಿ ಸೀದಾ ನೀರಿಗೆ ಬಿಡಿ. ರಾತ್ರಿ ಯಾರು ನೋಡ್ತಾರೆ?"

ಇಬ್ಬರ ರೋಗವೂ ಒಂದೇ ಅಂತ ನನ್ನ ವಾದ. ಇಬ್ಬರಿಗೂ ಆ ಮೂಲೆಗೆ ತಲೆ ಹಾಕಿ ನೋಡುವುದು ಬೇಡ. ಮಡಿ-ಮೈಲಿಗೆ ಬಿಟ್ಟು ಮೂವತ್ತು ವರ್ಷ ಆಯ್ತು ಅನ್ನುವ ನಮ್ಮವರೂ ಈ ವಿಷಯದಲ್ಲಿ ಅದನ್ನು ಸೂಟ್‌ಕೇಸಿನಲ್ಲೇ ಅಮೆರಿಕಕ್ಕೆ ತಂದಿದ್ದಾರೆ.

ಪಂಪನ್ನು ನೇಣಿಗೆ ಹಾಕುವ ಮೊದಲು ವಿಚಾರಣೆ ಬೇಡವೇ? ಅದೇನು ಬ್ರಹ್ಮವಿದ್ಯೆಯಲ್ಲ.

ಸ್ವಿಚ್ ಹಾಕಿದರೆ ಸದ್ದೇ ಇಲ್ಲವೋ, ಮೊದಲು ಫ್ಯೂಸ್ ನೋಡಿ. ಆಮೇಲೆ ಮಲ್ಟಿಮೀಟರನ್ನು ಪಂಪಿನ ತುದಿಯಲ್ಲಿ, ಸ್ವಿಚ್ ಹಾಕಿರುವಾಗಲೇ ಹಿಡಿಯಿರಿ. ಅಲ್ಲಿ 12 ವೋಲ್ಟಿನ ಬದಲು ಬರೀ 9 ತೋರಿಸಿದರೆ ಕಳ್ಳ ಇರುವುದು ವೈರಿನಲ್ಲಿ, ಉಪ್ಪುಗಾಳಿಗೆ ಕಿಲುಬು ಹಿಡಿದ ಟರ್ಮಿನಲ್ಲಿನಲ್ಲಿ ಅಥವಾ ಸೋತ ಬ್ಯಾಟರಿಯಲ್ಲಿ. ಮೋಟರು ಗುಂಯ್ ಅಂತ ನರಳಿ ತಿರುಗದಿದ್ದರೆ ಒಳಗೇನೋ ಸಿಕ್ಕಿಕೊಂಡಿದೆ, ಅಥವಾ ಚಳಿಗಾಲವಿಡೀ ಸುಮ್ಮನಿದ್ದು ಇಂಪೆಲರ್ ಅಂಟಿದೆ. ಹಲವು ಪಂಪುಗಳಲ್ಲಿ ಮೋಟರಿನ ಹಿಂದೆ ಸ್ಕ್ರೂಡ್ರೈವರ್ ಕೂರುವ ಸೀಳು ಇರುತ್ತದೆ. ಫ್ಯೂಸ್ ತೆಗೆದು, ಅಲ್ಲಿ ಕೈಯಿಂದ ತಿರುಗಿಸಿದರೆ ಬಿಡಿಸಿಕೊಳ್ಳಬಹುದು.

ಮೋಟರು ಚೆನ್ನಾಗಿ ಓಡಿಯೂ ಏನೂ ಹೊರಬರದಿದ್ದರೆ? ಗಾಳಿ ನೋಡಿ ಸ್ವಾಮೀ, ಗಾಳಿ! ಟ್ಯಾಂಕಿಗೆ ಉಸಿರಾಡಲು ವೆಂಟ್ ಎಂಬ ಸಣ್ಣ ಕೊಳವೆ ಇದೆ. ಅದು ಕಟ್ಟಿದರೆ ಹೊರಹೋದದ್ದರ ಜಾಗಕ್ಕೆ ಗಾಳಿ ಬರುವುದಿಲ್ಲ, ಒಳಗೆ ನಿರ್ವಾತ, ಪಂಪು ಎಷ್ಟು ಎಳೆದರೂ ವ್ಯರ್ಥ. ಹೀರುವ ಕೊಳವೆಯ ಕ್ಲಾಂಪ್ ಸಡಿಲಾಗಿದ್ದರೆ ಪಂಪು ಬರೀ ಗಾಳಿ ಕುಡಿಯುತ್ತದೆ. ಮೂತ್ರ ಮತ್ತು ಉಪ್ಪುನೀರು ಸೇರಿ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ, ವರ್ಷಗಳು ಕಳೆದಂತೆ ದಾರಿ ಕಿರಿದಾಗುತ್ತದೆ.

ನಮ್ಮಲ್ಲಿ ಆಗಿದ್ದೇನು? ವೆಂಟಿನ ಬಾಯಿಗೆ ಕಣಜ ಮಣ್ಣಿನ ಗೂಡು ಮೆತ್ತಿತ್ತು! ಕೆದಕಿ ತೆಗೆದು ಪೈಪಿನಿಂದ ನೀರು ಹಾಯಿಸಿದೆವು. ಟ್ಯಾಂಕ್ ಖಾಲಿ ಮಾಡಿಸಿ, ಎರಡು ಸಲ ತೊಳೆಸಿ, ಚೊಕ್ಕ ನೀರು ತುಂಬಿ, ದೋಣಿ ತಳದ ವಾಲ್ವ್ ಮುಚ್ಚಿ, ಪಂಪಿನ ಕೊಳವೆಯನ್ನು ಬಕೆಟ್ಟಿಗೆ ಬಿಟ್ಟೆವು. ಅದೇ "ಸತ್ತ" ಪಂಪು ಕ್ಷಣದಲ್ಲಿ ಬಕೆಟ್ ತುಂಬಿಸಿತು. ಖರ್ಚು, ಒಂದು ಜೊತೆ ಕೈಗವಸು.

ಈ ಕೆಲಸದಲ್ಲಿ ಕ್ರಮ ಮುಖ್ಯ. ಖಾಲಿ ಮಾಡಿಸುವ ಮೊದಲೇ ವೆಂಟ್ ಬಿಡಿಸಿ. ಅದು ಮುಚ್ಚಿರುವಾಗ ದಡದ ಬಲವಾದ ಪಂಪು ಹೀರಿದರೆ ಟ್ಯಾಂಕೇ ಒಳಕ್ಕೆ ಕುಸಿಯಬಹುದು. ಕಿಟಕಿಗಳೆಲ್ಲ ತೆರೆದಿರಲಿ, ಟ್ಯಾಂಕಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಬರೀ ನಾತವಲ್ಲ, ವಿಷ.

ಪಂಪು ಎಂದೂ ಕೆಡುವುದೇ ಇಲ್ಲ ಅಂತಲ್ಲ. ಖಾಲಿ ಟ್ಯಾಂಕಿನ ಮೇಲೆ ಓಡಿಸಿದರೆ ರಬ್ಬರಿನ ಇಂಪೆಲರ್ ಸುಟ್ಟೇ ಹೋಗುತ್ತದೆ. ಒರೆಸುವ ವೈಪ್ಸ್ ಹಾಕಿದರೆ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಪೊಟ್ಟಣದ ಮೇಲೆ "ಫ್ಲಶ್ ಮಾಡಬಹುದು" ಅಂತ ಬರೆದಿದ್ದರೂ ಅಷ್ಟೇ. ಆದರೆ ಅದೂ ಪಂಪಿನ ತಪ್ಪಲ್ಲವಲ್ಲ!

ಇನ್ನು "ರಾತ್ರಿ ಯಾರು ನೋಡ್ತಾರೆ" ಮಂದಿಗೆ. ಅಮೆರಿಕದಲ್ಲಿ ದಡದಿಂದ 3 ನಾಟಿಕಲ್ ಮೈಲಿಯೊಳಗೆ ಸಂಸ್ಕರಿಸದ ಮಲ ಬಿಡುವುದು ಅಪರಾಧ. ಬಾರ್ನೆಗಟ್ ಕೊಲ್ಲಿಯಲ್ಲಂತೂ ಸಂಸ್ಕರಿಸಿದ್ದನ್ನೂ ಬಿಡುವಂತಿಲ್ಲ. ಕಾರಣ ನಮ್ಮ ಕರಾವಳಿಯವರಿಗೆ ಬೇಗ ತಿಳಿಯುತ್ತದೆ. ನಾವು ಅಳಿವೆ ಅನ್ನುತ್ತೇವಲ್ಲ, ಅಂಥ ಕೆಲವೇ ಬಾಯಿಗಳಿಂದ ಈ ಕೊಲ್ಲಿ ಸಮುದ್ರಕ್ಕೆ ಸೇರುತ್ತದೆ. ಆಳ ಕಡಿಮೆ, ನೀರು ಬದಲಾಗಲು ವಾರಗಟ್ಟಲೆ ಬೇಕು. ನೀವು ರಾತ್ರಿ ಬಿಟ್ಟದ್ದು ಬೆಳಿಗ್ಗೆ ನಿಮ್ಮ ಮಕ್ಕಳು ಈಜುವಾಗಲೂ ಅಲ್ಲೇ ಇರುತ್ತದೆ. "ನಮ್ಮದೊಂದೇ ದೋಣಿ ತಾನೇ" ಅಂತೀರಾ? "ನಮ್ಮದೊಂದೇ ಬಿಲ್ಡಿಂಗು ತಾನೇ" ಅಂತ ಎಲ್ಲರೂ ಅಂದುಕೊಂಡೇ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿದ್ದು, 2015ರಲ್ಲಿ ಆ ನೊರೆಗೆ ಬೆಂಕಿ ಹತ್ತಿದ್ದು.

ಬೇರೆ ದಾರಿ ಇಲ್ಲದಿದ್ದರೆ ಮಾತು ಬೇರೆ. 1992ರ ಕ್ಲೀನ್ ವೆಸೆಲ್ ಕಾಯ್ದೆ ಬಂದ ಮೇಲೆ ಸರ್ಕಾರದ ದುಡ್ಡಿನಿಂದಲೇ ಎಷ್ಟೋ ಪಂಪ್‌ಔಟ್ ಕೇಂದ್ರಗಳಾಗಿವೆ. ಬೇಸಿಗೆಯಲ್ಲಿ ಟ್ಯಾಂಕ್ ಖಾಲಿ ಮಾಡಿಕೊಡುವ ದೋಣಿಗಳೇ ಕೊಲ್ಲಿಯಲ್ಲಿ ಓಡಾಡುತ್ತವೆ.

ನಾವಂತೂ ವೈ-ವಾಲ್ವನ್ನು ಮುಚ್ಚಿ ಅದರ ಹಿಡಿಯನ್ನೇ ಬಿಚ್ಚಿಟ್ಟಿದ್ದೇವೆ. ಕಾನೂನು ಒಪ್ಪುವ ವಿಧಾನಗಳಲ್ಲಿ ಅದೂ ಒಂದು. ನಿಮ್ಮ ಪಂಪು ನಿಂತಾಗ ದುಡ್ಡಿನ ಚೀಲಕ್ಕೂ ವಾಲ್ವಿಗೂ ಕೈ ಹಾಕುವ ಮೊದಲು ಒಮ್ಮೆ ಬಗ್ಗಿ ನೋಡಿ. ಅದರಲ್ಲಿರೋದು ನಮ್ಮದೇ ಕಣ್ರೀ, ಅಷ್ಟೊಂದು ಹೇಸಿಗೆ ಯಾಕೆ?