ವಿಕಾಸಶಾಸ್ತ್ರದ ಸಂಶೋಧನೆಯು ನಿಷ್ಫಲವೇ?

ನಮ್ಮ ಗೋಳಗುಮ್ಮಟದಲ್ಲಿ ಒಮ್ಮೆ ನುಡಿದ ಮಾತು ಹಲವು ಬಾರಿ ಮರುದನಿಗೊಡುವಂತೆ, ಈ ನಗರದ ಸುಶಿಕ್ಷಿತರ ಮನೆಗಳಲ್ಲಿ ಒಂದೇ ಆಕ್ಷೇಪವು ಪದೇ ಪದೇ ಕೇಳಿಬರುತ್ತಿರುವದು. ಮಗನೋ ಮಗಳೋ ಜೀವಿಗಳ ವಿಕಾಸವನ್ನು ಕುರಿತು ಸಂಶೋಧನೆ ಮಾಡುವೆನೆಂದರೆ, “ವೈದ್ಯವಿದ್ಯೆಗೆ ಪ್ರವೇಶ ದೊರೆಯದವರ ಪಾಡು ಅದು, ಅದರಿಂದ ಲೋಕಕ್ಕೇನು ಫಲ?” ಎಂದು ಹಿರಿಯರು ಬಾಯಿ ಮುಚ್ಚಿಸುವರು. ಈ ಪೂರ್ವಪಕ್ಷವನ್ನು ಪರೀಕ್ಷಿಸದೆ ಬಿಡುವದು ಯೋಗ್ಯವಲ್ಲ.

ಫಲವನ್ನು ಕಾಣಲು ತಿಕೋಟೆಯ ದ್ರಾಕ್ಷಿಯ ತೋಟಕ್ಕೆ ಹೋದರೆ ಸಾಕು. ಡೌನಿ ರೋಗಕ್ಕೆ ಒಂದೇ ಬಗೆಯ ಔಷಧವನ್ನು ಮೇಲಿಂದ ಮೇಲೆ ಸಿಂಪಡಿಸಿದರೆ ಕ್ರಮೇಣ ಅದು ನಾಟದಂತಾಗುವದುಂಟು. ಕಾರಣವೇನು? ಔಷಧಕ್ಕೆ ಸೋಲುವ ರೋಗಾಣುಗಳು ಅಳಿಯುವವು. ಹುಟ್ಟಿನಿಂದಲೇ ಅದನ್ನು ತಾಳಬಲ್ಲ ಕೆಲವು ಉಳಿಯುವವು. ಮುಂದೆ ಅವುಗಳ ಸಂತತಿಯೇ ತೋಟವನ್ನು ತುಂಬುವದು. ಡಾರ್ವಿನ್ನನು 1859ರಲ್ಲಿ ಗ್ರಂಥರೂಪವಾಗಿ ಪ್ರತಿಪಾದಿಸಿದ ನಿಸರ್ಗದ ಆಯ್ಕೆಯೆಂಬದು ಇದೇ. ರೋಗಿಯಲ್ಲಿ ಪ್ರತಿಜೈವಿಕ ಔಷಧವು ನಿರರ್ಥಕವಾಗುವದೂ ಇದೇ ನ್ಯಾಯದಿಂದ. ಹೀಗಿರಲು ವೈದ್ಯನನ್ನು ಪೂಜಿಸಿ ವಿಕಾಸಶಾಸ್ತ್ರಜ್ಞನನ್ನು ಹಳಿಯುವದು ಯಾವ ವಿವೇಕವು?

ಇದು ಪರದೇಶದ ಸಿರಿವಂತರ ವಿದ್ಯೆಯೆಂಬ ಮಾತೂ ಸಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರರು ದಶಕಗಳ ಕಾಲ ಅಭ್ಯಸಿಸಿದ್ದು ನಾವು ಪೊರಕೆಯಿಂದ ಹೊಡೆದೋಡಿಸುವ ಕಣಜದ ಹುಳಗಳನ್ನು. ಒಂದೊಂದು ಹುಳಕ್ಕೂ ಬಣ್ಣದ ಚುಕ್ಕೆಯಿಟ್ಟು ಅದರ ನಡತೆಯನ್ನು ಬರೆದುಕೊಂಡರು. ಗೂಡಿನ ರಾಣಿಯನ್ನು ತೆಗೆದರೆ ಕೆಲಸಗಾತಿಯರಲ್ಲೊಬ್ಬಳು ಒಡನೆಯೇ ಉಗ್ರಳಾಗಿ, ಮುಂದೆ ತಾನೇ ರಾಣಿಯಾಗುವಳು. ಹಾಗಾದರೆ ಉಳಿದವರು ಸ್ವಂತ ಸಂತಾನವನ್ನು ಬಿಟ್ಟು ಪರರ ಮರಿಗಳನ್ನು ಸಾಕುವದೇಕೆ? ಲೋಕದ ಪಂಡಿತರು ಮನ್ನಿಸಿದ ಈ ಪ್ರಶ್ನೆಗೆ ಬೇಕಾದ ಮುಖ್ಯ ಸಾಧನಗಳು ತಾಳ್ಮೆ, ಕಣ್ಣು ಮತ್ತು ಬುದ್ಧಿ.

ಇನ್ನು ದಶಾವತಾರದಲ್ಲಿಯೇ ವಿಕಾಸವಾದವೆಲ್ಲ ಅಡಗಿದೆ, ಹೊಸ ಶೋಧವೇಕೆ ಎನ್ನುವವರುಂಟು. ಪಾಠಶಾಲೆಯಲ್ಲಿ ತರ್ಕವನ್ನೋದಿದ ನಾನು ಇದನ್ನು ಒಪ್ಪಲಾರೆ. ಪುರಾಣವು ಭಕ್ತಿಗೆ ಪ್ರಮಾಣ. ಹುಳದ ವಿಷಯದಲ್ಲಿ ಪ್ರತ್ಯಕ್ಷಾನುಮಾನಗಳೇ ಪ್ರಮಾಣ. ಎರಡನ್ನು ಬೆರಸಿದರೆ ಎರಡಕ್ಕೂ ಅಪಚಾರ.

ಸಂಕಟವು ಇಲ್ಲವೆಂದು ನಾನು ಹೇಳುವದಿಲ್ಲ. ಪದವಿಗಳ ಮೇಲೆ ಐದಾರು ವರ್ಷಗಳ ಸಂಶೋಧನೆ, ಬಳಿಕ ಊರೂರು ಅಲೆದು ತಾತ್ಕಾಲಿಕ ಕೆಲಸ. ಸ್ಥಿರವಾದ ಹುದ್ದೆಗಳಂತೂ ವಿರಳ. ಕೇಂದ್ರದ ಕಿರಿಯ ಸಂಶೋಧನಾ ವೇತನವು 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೇರಿದರೂ ಅದು ಹೊತ್ತಿಗೆ ಕೈಸೇರದೆ ಪರದಾಡುವವರುಂಟು. ಅದೇ ವರ್ಷ ಹತ್ತನೆಯ ತರಗತಿಯ ರಾಷ್ಟ್ರೀಯ ಪಠ್ಯದಿಂದ ವಿಕಾಸದ ಪಾಠವನ್ನೇ ಕೈಬಿಟ್ಟುದನ್ನು 1,800ಕ್ಕೂ ಮಿಕ್ಕಿದ ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗಪತ್ರದಿಂದ ವಿರೋಧಿಸಿದರು. ಆದರೆ ಇವೆಲ್ಲ ಶಾಸ್ತ್ರದ ದೋಷಗಳಲ್ಲ. ಅದನ್ನು ಪೋಷಿಸಬೇಕಾದವರ ದೋಷಗಳು. ಬೇರಿಗೆ ನೀರೆರೆಯದೆ ಗಿಡವು ಬಂಜೆಯೆಂದು ದೂರುವದು ನ್ಯಾಯವೇ?

ಆದುದರಿಂದ ಸರಕಾರವು ಹುದ್ದೆಗಳನ್ನು ತುಂಬಲಿ, ವೇತನವನ್ನು ತಿಂಗಳು ತಪ್ಪದೆ ಕೊಡಲಿ. ತಂದೆತಾಯಿಗಳು ಸಂಬಳದ ಲೆಕ್ಕವನ್ನು ಕೇಳಲಿ, ಅದು ಅವರ ಹಕ್ಕು. ಆದರೆ ತಾವರಿಯದ ವಿದ್ಯೆಯನ್ನು ನಿಷ್ಫಲವೆಂದು ಹೇಳಿ ಮಕ್ಕಳ ಜಿಜ್ಞಾಸೆಯನ್ನು ಚಿವುಟದಿರಲಿ.