ಚರ್ಮದ ತುರಿಕೆಗೆ ತಟ್ಟೆ ಖಾಲಿ ಮಾಡಬೇಕೆ?

ಮಗುವಿನ ಮೊಣಕೈ ಸಂದಿಯಲ್ಲಿ ಇಸುಬು ಎದ್ದರೆ ಮನೆಯಲ್ಲಿ ಮೊದಲು ಕೇಳುವ ಮಾತು, ‘ಏನೋ ನಂಜಿನದು ತಿಂದಿರಬೇಕು’. ಹಿಂದೆ ಈ ಅನುಮಾನ ನಾಲ್ಕು ದಿನ ಬದನೆಕಾಯಿ ಬಿಡಿಸಿ ಸುಮ್ಮನಾಗುತ್ತಿತ್ತು. ಈಗ ಲ್ಯಾಬುಗಳು ಅದಕ್ಕೆ ಪ್ಯಾಕೇಜ್ ಕಟ್ಟಿವೆ. ಸ್ವಲ್ಪ ರಕ್ತ ಕೊಟ್ಟರೆ ಆಹಾರಗಳ ಉದ್ದನೆಯ ಪಟ್ಟಿಯೇ ಮೊಬೈಲಿಗೆ ಬಂದು ಬೀಳುತ್ತದೆ. ಹಾಲು, ಗೋಧಿ, ಮೊಟ್ಟೆ, ಕಡಲೆಕಾಯಿ, ಎಲ್ಲಕ್ಕೂ ಪಾಸಿಟಿವ್! ಹೆದರಿದ ತಾಯಿ ಒಂದೊಂದಾಗಿ ಬಿಡಿಸುತ್ತಾಳೆ. ಅವಳದೇನೂ ತಪ್ಪಿಲ್ಲ, ತಪ್ಪು ಆ ಪಟ್ಟಿ ಮಾರಿದವರದು.

ಇಸುಬಿನ ಚರ್ಮ ಬಿರುಕು ಬಿಟ್ಟಿರುತ್ತದೆ. ಮನೆಯ ಧೂಳಿನಲ್ಲಿರುವ ಆಹಾರದ ಕಣಗಳು ಅಲ್ಲಿಂದ ಒಳಹೊಕ್ಕು, ದೇಹ ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಪರೀಕ್ಷೆ ಹಿಡಿಯುವುದು ಅದನ್ನೇ. ತಿಂದರೆ ತೊಂದರೆಯಾಗುತ್ತದೆಯೇ ಎಂಬುದನ್ನು ಅದೊಂದೇ ಹೇಳಲಾರದು. ಕರ್ನಾಟಕದ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಯುರೋಪ್ರಿವಾಲ್ ಅಧ್ಯಯನ ನೋಡಿ: ಶೇ 26.5ರಷ್ಟು ಜನರಲ್ಲಿ ಯಾವುದಾದರೂ ಆಹಾರಕ್ಕೆ ಐಜಿಇ ಇತ್ತು, ನಿಜವಾದ ಅಲರ್ಜಿ ಇರಬಹುದೆನಿಸಿದ್ದು ಶೇ 1.2ರಷ್ಟು ಮಂದಿಗೆ ಮಾತ್ರ. ಇವರು ಸಾಮಾನ್ಯ ಜನ. ಇಸುಬಿನವರಲ್ಲಿ ಸುಳ್ಳು ಪಾಸಿಟಿವ್ ಇನ್ನೂ ಹೆಚ್ಚು.

‘ಬಿಟ್ಟರೆ ನಷ್ಟವೇನು?’ ಎನ್ನುವವರಿದ್ದಾರೆ. ನಷ್ಟ ದೊಡ್ಡದು. ಲಂಡನ್ನಿನ ಲೀಪ್ ಪ್ರಯೋಗದಲ್ಲಿ (2015) ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಶಿಶುಗಳನ್ನು ಎರಡು ಗುಂಪು ಮಾಡಿದರು. ಐದು ವರ್ಷ ತುಂಬುವಷ್ಟರಲ್ಲಿ, ಕಡಲೆಕಾಯಿ ಬಿಟ್ಟ ಮಕ್ಕಳಲ್ಲಿ ಶೇ 17ರಷ್ಟಕ್ಕೆ ಅದರ ಅಲರ್ಜಿ ಬಂದಿತ್ತು, ತಿಂದವರಲ್ಲಿ ಶೇ 3ಕ್ಕೆ. ಷಿಕಾಗೋದ ವೈದ್ಯರು 2016ರಲ್ಲಿ ವರದಿ ಮಾಡಿದ್ದು ಇನ್ನೂ ಭಯ ಹುಟ್ಟಿಸುತ್ತದೆ: ಆಹಾರದಿಂದ ಇಸುಬು ಕೆರಳುತ್ತದೆಂದು ಪಥ್ಯ ಹಿಡಿದ, ಹಿಂದೆಂದೂ ತಕ್ಷಣದ ಅಲರ್ಜಿ ಕಾಣದ ಮಕ್ಕಳಲ್ಲಿ ಶೇ 19ರಷ್ಟಕ್ಕೆ ಹೊಸದಾಗಿ ಅದು ಕಾಣಿಸಿಕೊಂಡಿತು; ಕೆಲವರಿಗೆ ಪ್ರಾಣಾಪಾಯದ ಅನಾಫಿಲಾಕ್ಸಿಸ್. ಜೊತೆಗೆ, ಹಾಲು ಮೊಟ್ಟೆ ಎರಡೂ ತಪ್ಪಿದ ಮಗು ಸೊರಗದೆ ಇದ್ದೀತೆ?

‘ಇನ್‌ಟಾಲರೆನ್ಸ್ ಟೆಸ್ಟ್’ ಹೆಸರಿನಲ್ಲಿ ಮಾರುವ, ಐಜಿಜಿ ಎಂಬ ಬೇರೊಂದು ಪ್ರತಿಕಾಯದ ಪರೀಕ್ಷೆಯಂತೂ ಶುದ್ಧ ಸುಲಿಗೆ. ಅದು ತೋರಿಸುವುದು ನೀವು ಏನು ತಿಂದಿದ್ದೀರಿ ಎಂಬುದನ್ನು!

ಪರೀಕ್ಷೆಯೇ ಬೇಡ ಎನ್ನುತ್ತಿಲ್ಲ. ತಿಂದ ಎರಡು ಗಂಟೆಯೊಳಗೆ ದದ್ದು, ವಾಂತಿ, ಉಬ್ಬಸ ಬಂದರೆ, ಅಥವಾ ಸರಿಯಾಗಿ ಮುಲಾಮು ಹಚ್ಚಿಯೂ ಎಳೆಗೂಸಿನ ತೀವ್ರ ಇಸುಬು ತಗ್ಗದಿದ್ದರೆ, ಅನುಮಾನವಿರುವ ಆ ಒಂದೆರಡು ಆಹಾರಕ್ಕೆ ಪರೀಕ್ಷೆ ಮಾಡಿಸಬೇಕು. ಸಂಶಯ ಉಳಿದರೆ ಆಸ್ಪತ್ರೆಯಲ್ಲೇ ತಿನ್ನಿಸಿ ನೋಡಬೇಕು. ರೋಗಿಯ ವಿವರ ಕೇಳಿ ವೈದ್ಯರು ಚೀಟಿ ಬರೆಯದೆ ಯಾವ ಲ್ಯಾಬೂ ಈ ಪ್ಯಾಕೇಜ್ ಮಾರದಂತೆ ಸರ್ಕಾರ ತಡೆಯಬೇಕು.